ಬೊಂಡಾಸ್ ಅಲ್ಲ, ಆಕ್ಟೋಪಸ್

ಜೂನ್, ಜುಲೈ ತಿಂಗಳ 61 ದಿನಗಳ ಮೀನುಗಾರಿಕೆ ನಿಷೇಧ ಮುಗಿದು ಟ್ರಾಲ್ ದೋಣಿಗಳು ಕಡಲಿಗಿಳಿದ ಮೇಲೆ ವಾರಕ್ಕೊಮ್ಮೆ ಮಲ್ಪೆ ಬಂದರಿಗೆ ಹೋಗುವುದು ನನ್ನ ರೂಢಿ. ಕಳೆದ ಸೆಪ್ಟೆಂಬರ್‌ನಲ್ಲಿ ಬಂಗುಡೆ ತರಲು ಹೋದವನಿಗೆ ಬೊಂಡಾಸ್ (ಸ್ಕ್ವಿಡ್) ಬುಟ್ಟಿಯ ಮಗ್ಗುಲಲ್ಲಿ ಮೂರು ಆಕ್ಟೋಪಸ್ ಕಂಡವು. ಇಲ್ಲಿ ಬಲೆಗೆ ಬೀಳುವ ಆಕ್ಟೋಪಸ್ ಹೆಚ್ಚಾಗಿ ರಫ್ತಾಗುವುದರಿಂದ ನಮ್ಮ ಅಡುಗೆಮನೆಗೆ ಅದು ಬಂದದ್ದೇ ಇರಲಿಲ್ಲ. ಚರ್ಮ ಹೊಳೆಯುತ್ತಿತ್ತು, ಮೂಗಿಗೆ ಹಿಡಿದರೆ ಬರಿ ಉಪ್ಪುನೀರಿನ ವಾಸನೆ.

“ಅಕ್ಕಾ, ಇದನ್ನು ಹೇಗೆ ಮಾಡುವುದು?”

“ಬೊಂಡಾಸಿನ ಹಾಗೆಯೇ ಅಣ್ಣಾ. ಬೇಯಲು ಮಾತ್ರ ತಡ.”

ಮೂರೂ ಸೇರಿ ಒಂದು ಕಿಲೋಗೆ ತುಸು ಹೆಚ್ಚಿದ್ದವು, ಕೊಂಡೆ.

ಸ್ವಚ್ಛ ಮಾಡುವಾಗ ಮೊದಲು ಅರ್ಥ ಮಾಡಿಕೊಳ್ಳಬೇಕಾದದ್ದು ಅದರ ಅಂಗರಚನೆ. ತಲೆಯಂತೆ ಕಾಣುವ ಚೀಲವೇ ಅದರ ಮುಂಡ. ಹೊಟ್ಟೆ, ಕಿವಿರು, ಮಸಿಚೀಲ, ಮೂರು ಹೃದಯಗಳು ಎಲ್ಲವೂ ಅದರೊಳಗಿವೆ. ಕಣ್ಣಿನ ಮೇಲೊಮ್ಮೆ, ಕೆಳಗೊಮ್ಮೆ ಅಡ್ಡಲಾಗಿ ಕತ್ತರಿಸಿ ನಡುವಿನ ಪಟ್ಟಿಯನ್ನು ತೆಗೆದುಹಾಕಿದೆ. ಚೀಲವನ್ನು ಕಾಲುಚೀಲ ಮಗುಚುವಂತೆ ಒಳಮಗ್ಗುಲು ಹೊರಗೆ ಮಾಡಿದೆ. ಒಳಗಿನದು ಗೋಡೆಗೆ ಅಂಟಿಕೊಂಡಿರುತ್ತದೆ. ಎಳೆಯದೆ, ಹಿಡಿದ ಎಳೆಗಳನ್ನು ಚೂರಿಯ ತುದಿಯಿಂದ ಬಿಡಿಸಬೇಕು. ಮೊದಲನೆಯದರಲ್ಲಿ ಅವಸರದಿಂದ ಎಳೆದೆ, ಮಸಿ ಒಡೆದು ತೊಟ್ಟಿಯೆಲ್ಲ ಕಪ್ಪಾಯಿತು. ಉಳಿದೆರಡು ಹಾಗಾಗಲಿಲ್ಲ. ಎಂಟು ತೋಳುಗಳು ಕೂಡುವ ನಡುವೆ ಗಿಳಿಯ ಕೊಕ್ಕಿನಂಥ ಗಟ್ಟಿ ಬಾಯಿ ಇದೆ. ಹಿಂದಿನಿಂದ ಹೆಬ್ಬೆರಳಲ್ಲಿ ಒತ್ತಿದರೆ ಅದು ಮೇಲೆದ್ದು ಬರುತ್ತದೆ.

ಹೆಚ್ಚು ಹೊತ್ತು ಹಿಡಿದದ್ದು ಲೋಳೆ. ಎರಡು ಹಿಡಿ ಕಲ್ಲುಪ್ಪು ಹಾಕಿ, ಬಟ್ಟೆ ಒಗೆಯುವಂತೆ ಹತ್ತು ನಿಮಿಷ ತಿಕ್ಕಿದೆ. ಬಿಳಿ ನೊರೆ ಎದ್ದಿತು. ತೊಳೆದು, ಮತ್ತೆ ಉಪ್ಪು ಹಾಕಿ, ಮತ್ತೆ ತೊಳೆದೆ. ಹೀರುಬಟ್ಟಲುಗಳ ಒಳಗೆ ಮರಳು ಕುಳಿತಿರುತ್ತದೆ, ಒಂದೊಂದು ತೋಳನ್ನೂ ಬೆರಳುಗಳ ನಡುವೆ ಎಳೆದು ಉಜ್ಜಬೇಕು. ಈ ಕೆಲಸದಲ್ಲಿ ಜಿಪುಣತನ ಮಾಡಿದರೆ ಮಸಾಲೆ ಎಷ್ಟೇ ಚೆನ್ನಾಗಿದ್ದರೂ ಹಲ್ಲಿಗೆ ಮರಳೇ ಸಿಗುತ್ತದೆ.

ಒಂದು ತೋಳನ್ನು ಕತ್ತರಿಸಿ ಬೊಂಡಾಸಿನಂತೆ ಬಾಣಲೆಯಲ್ಲಿ ಎರಡು ನಿಮಿಷ ಹುರಿದು ನೋಡಿದೆ. ಅಗಿದಷ್ಟೂ ಅಗಿಯುವುದೇ ಆಯಿತು. ಮೀನಿನಾಕೆಯ ಎರಡನೆಯ ಮಾತಿನ ತೂಕ ಆಗ ತಿಳಿಯಿತು. ಆಕ್ಟೋಪಸ್‌ನ ಸ್ನಾಯುವಿನಲ್ಲಿ ಕೊಲಾಜೆನ್ ತುಂಬಾ ಇದೆ. ಅದು ಕರಗಿ ಜೆಲಾಟಿನ್ ಆಗಲು ಸಣ್ಣ ಉರಿ ಮತ್ತು ಸಮಯ ಬೇಕು. ಹಾಗಾಗಿ ಉಳಿದದ್ದನ್ನು ಇಡಿಯಾಗಿ ದಪ್ಪ ತಳದ ಪಾತ್ರೆಯಲ್ಲಿಟ್ಟು, ನೀರೂ ಉಪ್ಪೂ ಹಾಕದೆ, ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಬಿಟ್ಟೆ. ಹತ್ತು ನಿಮಿಷದೊಳಗೆ ಅದರದೇ ನೀರು ಒಡೆದು ಪಾತ್ರೆಯ ತಳ ತುಂಬಿತು, ಬಣ್ಣ ಕೆನ್ನೇರಳೆ. ತೋಳುಗಳು ಸುರುಳಿಯಾದವು. ನಲವತ್ತು ನಿಮಿಷದ ಹೊತ್ತಿಗೆ ತೋಳಿನ ಬುಡದಲ್ಲಿ ಚೂರಿ ತಡೆಯಿಲ್ಲದೆ ಇಳಿಯಿತು. ದೊಡ್ಡದಾದರೆ ಒಂದು ಗಂಟೆಗೂ ಹೆಚ್ಚು ಬೇಕು; ಗಡಿಯಾರಕ್ಕಿಂತ ಚೂರಿಯನ್ನು ನಂಬಿ. ಅದೇ ನೀರಿನಲ್ಲಿ ಉಗುರುಬೆಚ್ಚಗಾಗುವವರೆಗೆ ಬಿಟ್ಟು ತೆಗೆದಾಗ ಗಾತ್ರ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ನಾಲ್ಕು ಜನರಿಗೆಂದು ತಂದದ್ದು ಮೂವರಿಗೆ ಸಾಕಾಯಿತು.

ಮುಂದಿನದು ನಮ್ಮ ಮನೆಯ ಸುಕ್ಕವೇ: ಹುರಿದ ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ನಾಲ್ಕು ಕಾಳು ಮೆಂತ್ಯ, ಬೆಳ್ಳುಳ್ಳಿ, ಹುಣಸೆ, ಕೊನೆಗೆ ತೆಂಗಿನತುರಿ. ಬೆಂದ ನೀರನ್ನು ಪೂರ್ತಿ ಮಸಾಲೆಗೆ ಸುರಿದದ್ದು ನನ್ನ ತಪ್ಪು. ಅದರಲ್ಲಿಯೇ ಉಪ್ಪಿರುತ್ತದೆ, ಇನ್ನೊಂದು ಹಿಡಿ ತುರಿ ಹಾಕಿ ಸರಿಮಾಡಬೇಕಾಯಿತು. ಈಗ ರುಚಿ ನೋಡುತ್ತಾ ಚಮಚದಲ್ಲಿ ಹಾಕುತ್ತೇನೆ, ಬೇರೆ ಉಪ್ಪು ಮುಟ್ಟುವುದಿಲ್ಲ.

ಎರಡನೆಯ ಸಲ ತೊಳೆದದ್ದನ್ನು ಒಂದು ರಾತ್ರಿ ಫ್ರೀಜರ್‌ನಲ್ಲಿಟ್ಟು ಬೇಯಿಸಿದೆ. ಮಂಜಿನ ಹರಳುಗಳು ಸ್ನಾಯುವಿನ ಎಳೆಗಳನ್ನು ಒಡೆಯುತ್ತವೆ, ಮಾಂಸ ಇನ್ನೂ ಮೃದುವಾಗಿತ್ತು. ತಾಜಾ ಮೀನನ್ನು ಅಂದೇ ಮಾಡಬೇಕೆನ್ನುವ ಅತ್ತೆಗೆ ಈ ಪದ್ಧತಿ ಒಪ್ಪಿಗೆಯಿರಲಿಲ್ಲ. ಅನ್ನದ ಜೊತೆ ಎರಡನೆಯ ಬಾರಿ ಬಡಿಸಿಕೊಂಡ ಮೇಲೆ, ಮುಂದಿನ ವಾರ ಬಂದರಿಗೆ ಹೋದರೆ ಎರಡು ಕಿಲೋ ತರಲು ಹೇಳಿದರು.