ಬೋರ್‌ವೆಲ್ ನೀರಿನ ಊರಲ್ಲಿ ಗಡ್ಡ ನೆನೆಸುವುದು

ಕೋಲಾರದಲ್ಲಿ ಮನೆಯಲ್ಲೇ ಗಡ್ಡ ಮಾಡಿಕೊಳ್ಳುವವರು ಬ್ಲೇಡು ಯಾವುದು, ಕ್ರೀಮ್ ಯಾವುದು ಅಂತ ತಲೆ ಕೆಡಿಸಿಕೊಳ್ಳುವ ಮೊದಲು ನಲ್ಲಿಯಲ್ಲಿ ಬರೋ ನೀರು ಎಂಥದ್ದು ಅಂತ ನೋಡಬೇಕು. ನಾನು ಸ್ಟೀಲ್ ಸೆಟ್ಟಿಗೆ ಎರಡು ಕಡೆ ಅಂಚಿರುವ ಬ್ಲೇಡು ಹಾಕಿ, ಬ್ರಷ್ಷಲ್ಲಿ ನೊರೆ ಎಬ್ಬಿಸಿ ಶೇವ್ ಮಾಡುವವನು. ಗಡ್ಡ ಒರಟು, ಕುತ್ತಿಗೆ ಹತ್ತಿರ ಸುರುಳಿ ಕೂದಲು. ಬ್ಲೇಡು ಮುಟ್ಟಿಸುವ ಮುಂಚಿನ ಕೆಲಸವನ್ನು ಹೇಗೆ ಮಾಡುತ್ತೇನೆ ಅಂತ ಮಾತ್ರ ಇಲ್ಲಿ ಬರೆಯುತ್ತಿದ್ದೇನೆ. ಉರಿ, ಗುಳ್ಳೆ ಕಡಿಮೆಯಾಗಿದ್ದು ಅದರಿಂದಲೇ.

ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಸಾವಿರ ಅಡಿ ದಾಟಿದ ಬೋರ್‌ವೆಲ್‌ಗಳು ನಮಗೆ ಹೊಸದೇನಲ್ಲ. ಬಂಡೆ ಸಂದಿಯಲ್ಲಿ ಎಷ್ಟೋ ಕಾಲ ನಿಂತ ನೀರು ಅದು. ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿಸಿಕೊಂಡೇ ಮೇಲೆ ಬರುತ್ತದೆ. ಗಡಸು ನೀರು ಅನ್ನೋದು ಇದಕ್ಕೇ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕಳಿಸುವ ಕೆ.ಸಿ. ವ್ಯಾಲಿ ನೀರು 2018ರಲ್ಲಿ ನಮ್ಮ ಕೆರೆಗಳಿಗೆ ಬಂತು, ಬೋರ್‌ವೆಲ್‌ಗಳು ಚೇತರಿಸಿಕೊಂಡವು ಅಂತಾರೆ. ನಮ್ಮ ಮನೆ ಹೀಟರ್ ಕಾಯಿಲ್ ಮೇಲಿನ ಬಿಳಿ ಪದರ ಮಾತ್ರ ಹಾಗೇ ಇದೆ. ಕುಡಿಯುವ ನೀರಿನಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗೆ ಇರಬೇಕು, ಬೇರೆ ನೀರಿನ ಮೂಲ ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ ಅನ್ನುತ್ತದೆ ಭಾರತೀಯ ಮಾನಕ ಬ್ಯೂರೋ. ಸಾಬೂನಿನ ನೊರೆಗೆ ಆ 200 ಕೂಡ ಜಾಸ್ತಿಯೇ.

ನಂಬಿಕೆ ಬರದಿದ್ದರೆ ಹೀಗೆ ಮಾಡಿ ನೋಡಿ. ಎರಡು ಖಾಲಿ ಬಾಟಲಿ ತಗೊಳ್ಳಿ. ಒಂದಕ್ಕೆ ಅರ್ಧ ನಲ್ಲಿ ನೀರು, ಇನ್ನೊಂದಕ್ಕೆ ಅರ್ಧ ಶುದ್ಧ ನೀರಿನ ಘಟಕದ ಫಿಲ್ಟರ್ ನೀರು. ಎರಡಕ್ಕೂ ಕಡಲೆಕಾಳಿನಷ್ಟು ಶೇವಿಂಗ್ ಕ್ರೀಮ್ ಹಾಕಿ, ಮುಚ್ಚಳ ಬಿಗಿ ಮಾಡಿ ಜೋರಾಗಿ ಕುಲುಕಿ. ನಮ್ಮ ಮನೆಯಲ್ಲಿ ಫಿಲ್ಟರ್ ನೀರಿನ ಬಾಟಲಿಯಲ್ಲಿ ನೊರೆ ಕತ್ತಿನವರೆಗೂ ಏರಿ ಅಲ್ಲೇ ನಿಂತಿತು. ನಲ್ಲಿ ನೀರಿನದರಲ್ಲಿ ಒಂದು ಪದರ ನೊರೆ ಬಂದು, ನೋಡನೋಡ್ತಾ ಇಳಿದುಹೋಯಿತು. ಕೆಳಗೆ ನೀರು ಮಬ್ಬಾಗಿ, ಬಿಳಿ ಚೂರುಗಳು ತೇಲುತ್ತಿದ್ದವು. ಶೇವಿಂಗ್ ಸೋಪು, ಬ್ರಷ್ಷಲ್ಲಿ ತಿರುವುವ ಕ್ರೀಮು ಹೆಚ್ಚಿನವು ಸ್ಟಿಯರಿಕ್ ಆಮ್ಲ, ಕೊಬ್ಬರಿ ಎಣ್ಣೆಯಂಥವುಗಳಿಂದ ಮಾಡಿದ ನಿಜವಾದ ಸಾಬೂನು. ಅದನ್ನು ನೀರಿನ ಕ್ಯಾಲ್ಸಿಯಂ ಹಿಡಿದುಕೊಂಡು ಕರಗದ ಚೂರು ಮಾಡಿಬಿಡುತ್ತದೆ. ನೊರೆ ಆಗಬೇಕಾದ ಕ್ರೀಮು ಬೇಸಿನ್ನಿಗೆ ಅಂಟಿಕೊಳ್ಳೋ ಜಿಡ್ಡಾಗುತ್ತದೆ. ಕ್ರೀಮು ಸರಿಯಿಲ್ಲ ಅಂತ ಬದಲಾಯಿಸುತ್ತಲೇ ಇರುವವರು ನಮ್ಮ ಕಡೆ ಎಷ್ಟು ಜನ!

ಅದಕ್ಕೇ ನಾನು ಎರಡು ನೀರು ಬಳಸುತ್ತೇನೆ. ಗಡ್ಡ ನೆನೆಸೋದಕ್ಕೆ ನಲ್ಲಿ ನೀರೇ ಸಾಕು. ಕೂದಲು ನೀರು ಕುಡಿಯುವಾಗ ಗಡಸು, ಮೆದು ಅಂತ ಅಷ್ಟು ಲೆಕ್ಕ ನೋಡುವುದಿಲ್ಲ. ಬ್ರಷ್ಷು ಅದ್ದಲು, ನೊರೆ ಮಾಡಲು ಮಾತ್ರ ಬೀದಿ ಕೊನೆಯ ಶುದ್ಧ ನೀರಿನ ಘಟಕದಿಂದ ಕಾಯಿನ್ ಹಾಕಿ ತಂದ ಕ್ಯಾನಿನ ನೀರು. ಒಂದು ಲೋಟ ಇದ್ದರೆ ಧಾರಾಳ. ಮಳೆಗಾಲದಲ್ಲಿ ತಾರಸಿ ನೀರು ಹಿಡಿದಿಟ್ಟರೆ ಅದೂ ಬೇಕಿಲ್ಲ. ಮಳೆ ನೀರಿನಷ್ಟು ಮೆದು ಇನ್ನೊಂದಿಲ್ಲ. ಕ್ಯಾನಿನ ನೀರನ್ನು ಗಡ್ಡಕ್ಕೆ ಹಾಕ್ತಾನೆ ಅಂತ ಮನೆಯಲ್ಲಿ ಬೈಗುಳ ಇದ್ದೇ ಇರುತ್ತದೆ, ಬಿಡಿ. ನೀರು ಕುದಿಸಿದರೆ ಗಡಸುತನ ಸ್ವಲ್ಪ ಇಳಿಯುವುದು ನಿಜ. ಬೈಕಾರ್ಬನೇಟ್ ರೂಪದಲ್ಲಿರುವ ಕ್ಯಾಲ್ಸಿಯಂ ಸುಣ್ಣವಾಗಿ ತಳಕ್ಕೆ ಕೂರುತ್ತದೆ, ಹೀಟರ್ ಮೇಲೆ ಕಟ್ಟುವುದೂ ಅದೇ. ಸಲ್ಫೇಟು, ಕ್ಲೋರೈಡಿನದು ಕುದಿಸಿದರೂ ಹೋಗುವುದಿಲ್ಲ.

ಇನ್ನು ಸ್ನಾನದ ವಿಷಯ. ಸ್ನಾನ ಮುಗಿಸಿಕೊಂಡು ಶೇವ್ ಮಾಡಿ, ಆಗ ಗಡ್ಡ ಚೆನ್ನಾಗಿ ನೆಂದಿರುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಹೇಳೋದು ಸರಿಯೇ. ಆದರೆ ನಮ್ಮ ಮನೆಗಳಲ್ಲಿ ಅದು ನಡೆಯುತ್ತಾ? ಕ್ಷೌರ ಆದಮೇಲೆ ಸ್ನಾನ, ಇದೇ ಪದ್ಧತಿ. "ಸ್ನಾನ ಆದ್ಮೇಲೆ ಗಡ್ಡ ಮುಟ್ತೀಯೇನೋ? ಮತ್ತೆ ತಲೆ ಮೇಲೆ ನೀರು ಹಾಕ್ಕೊ ಹೋಗು" ಅಂತ ಅಮ್ಮ ದೇವರ ಮನೆ ಬಾಗಿಲಲ್ಲೇ ತಡೆಯುತ್ತಾರೆ. ಜೊತೆಗೆ ಮಂಗಳವಾರ ಬೇಡ, ಶುಕ್ರವಾರ ಬೇಡ, ಅಮಾವಾಸ್ಯೆ ಬೇಡ. ಹೀಗಾಗಿ ನಮ್ಮ ಗಡ್ಡ ಯಾವತ್ತೂ ಒಂದೆರಡು ದಿನ ಜಾಸ್ತಿಯೇ ಬೆಳೆದಿರುತ್ತದೆ, ನೆನೆಯಲು ಹೊತ್ತೂ ಜಾಸ್ತಿ ಬೇಕು.

ನಾನು ಹುಡುಕಿಕೊಂಡ ದಾರಿ ಇದು: ಬಚ್ಚಲಲ್ಲೇ, ಸ್ನಾನದ ನಡುವೆ ಶೇವ್. ಕನ್ನಡಿಯನ್ನು ಬಚ್ಚಲ ಗೋಡೆಗೆ ಹಾಕಿಸಿದ್ದೇನೆ. ಮೊದಲು ಮೈಗೆಲ್ಲ ಬಿಸಿನೀರು ಸುರಿದುಕೊಂಡು, ಆಗಾಗ ಮುಖಕ್ಕೂ ಎರಚಿಕೊಳ್ಳುತ್ತಾ ಮೈ ಉಜ್ಜಿಕೊಳ್ಳುತ್ತೇನೆ. ಅಷ್ಟರಲ್ಲಿ ಗಡ್ಡ ನೆಂದಿರುತ್ತದೆ. ಶೇವ್ ಮುಗಿಸಿ, ಕೊನೆಗೆ ತಲೆ ಮೇಲಿಂದ ನೀರು. ಅಮ್ಮನ ತಕರಾರೂ ಇಲ್ಲ, ಗಡ್ಡವೂ ಮೆದು.

ಸ್ನಾನಕ್ಕೆ ಹೊತ್ತಿಲ್ಲದ ದಿನ ಟವೆಲ್. ಚಿಕ್ಕ ಟವೆಲನ್ನು ಬಿಸಿನೀರಲ್ಲಿ ಅದ್ದಿ ಹಿಂಡಿ, ಮೊದಲು ಮಣಿಕಟ್ಟಿನ ಒಳಭಾಗಕ್ಕೆ ಮುಟ್ಟಿಸಿ ನೋಡುತ್ತೇನೆ. ಅಲ್ಲಿ ಹಿತವಾಗಿದ್ದರೆ ಮುಖಕ್ಕೂ ಹಿತ. ಗಲ್ಲ, ಮೂಗಿನ ಕೆಳಗೆ, ಕುತ್ತಿಗೆ, ಎಲ್ಲ ಮುಚ್ಚುವಂತೆ ಒತ್ತಿ ಹಿಡಿದು, ಆರಿದರೆ ಮತ್ತೆ ಅದ್ದಿ, ಒಟ್ಟು ಮೂರು ನಿಮಿಷ. ಧನುರ್ಮಾಸದ ಚಳಿಯಲ್ಲಿ ಇನ್ನೂ ಒಂದು ನಿಮಿಷ. ಸುಡು ಸುಡು ಇದ್ದರೆ ಒಳ್ಳೇದು ಅನ್ನೋದು ಸುಳ್ಳು. ಚರ್ಮ ಕೆಂಪಾಗಿ ಊದಿಕೊಂಡರೆ ಆಮೇಲೆ ಬ್ಲೇಡು ಹಾಕಿದಾಗ ಉರಿಯೋದೇ. ಬಿಸಿಗೆ ಚರ್ಮದ ರಂಧ್ರ ತೆರೆದುಕೊಳ್ಳುತ್ತದೆ ಅಂತಾನೂ ಹೇಳುತ್ತಾರೆ. ಬಾಗಿಲ ಹಾಗೆ ತೆಗೆದು ಮುಚ್ಚಲು ಅದಕ್ಕೆ ಸ್ನಾಯು ಎಲ್ಲಿದೆ? ಆಗೋದು ಇಷ್ಟೇ: ಕೂದಲಿನ ಪ್ರೋಟೀನಾದ ಕೆರಾಟಿನ್ ನೀರು ಹೀರಿ ಊದಿ ಮೆತ್ತಗಾಗುತ್ತದೆ, ಮೇಲಿನ ಜಿಡ್ಡು ಸಡಿಲವಾಗುತ್ತದೆ. ಒಣಗಿದ ಕೂದಲನ್ನು ಕತ್ತರಿಸಲು ಬೇಕಾದ ಬಲ ನೆಂದ ಕೂದಲಿಗೆ ಬೇಡ.

ನಮ್ಮ ಹಳ್ಳಿಯಲ್ಲಿ ಹುಣಸೆ ಮರದ ಕೆಳಗೆ ಕೂರಿಸಿ ಕ್ಷೌರ ಮಾಡುತ್ತಿದ್ದ ತಾತನಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಬಟ್ಟಲಲ್ಲಿ ನೀರಿಟ್ಟುಕೊಂಡು, ಬೆರಳು ಅದ್ದಿ ಅದ್ದಿ ಗಡ್ಡ ತಿಕ್ಕುತ್ತಿದ್ದರು. ಊರ ಸಮಾಚಾರ ಒಂದು ಸುತ್ತು ಮುಗಿಯುವವರೆಗೂ ತಿಕ್ಕೋದೇ. ಆಮೇಲೇ ಕತ್ತಿ ತೆಗೆಯುತ್ತಿದ್ದದ್ದು. ಈಗಿನ ಎಷ್ಟೋ ಅಂಗಡಿಗಳಲ್ಲಿ ಸ್ಪ್ರೇ ಬಾಟಲಿಯಿಂದ ತಣ್ಣೀರು ಎರಡು ಸಲ ಚಿಮುಕಿಸಿ ಸೀದಾ ಕ್ರೀಮು. ಹೊರಗೆ ಕಾಯುವವರು ಇರುತ್ತಾರೆ, ಅವರಾದರೂ ಏನು ಮಾಡಿಯಾರು.

ಗಡ್ಡ ನೆನೆಸುವ ಮೊದಲು ಮುಖವನ್ನು ಮೈ ಸೋಪಿನಿಂದ ತೊಳೆಯುವುದು ಬೇಡ. ನಮ್ಮ ನೀರಲ್ಲಿ ಆ ಸೋಪು ಕೂಡ ಅದೇ ಜಿಡ್ಡಾಗಿ ಚರ್ಮದ ಮೇಲೆ ತೆಳುವಾಗಿ ಕೂರುತ್ತದೆ. ಅದರ ಮೇಲೆ ಬ್ಲೇಡು ಜಾರದೆ ತಡೆತಡೆದು ಹೋಗುತ್ತದೆ. ನಾನು ಸೋಪಿಲ್ಲದ ಫೇಸ್‌ವಾಶ್ ಒಂದಿಷ್ಟು ಬಳಸುತ್ತೇನೆ. ಇಲ್ಲದಿದ್ದರೆ ಕಡಲೆ ಹಿಟ್ಟು. ಕೊಬ್ಬರಿ ಎಣ್ಣೆ ಚಳಿಗಾಲಕ್ಕೆ ಮಾತ್ರ, ಅದೂ ಗಡ್ಡ ನೆಂದ ಮೇಲೆ, ಎರಡೇ ಹನಿ. ಜಾಸ್ತಿ ಹಾಕಿದರೆ ನೊರೆ ಏಳುವುದಿಲ್ಲ.

ಬ್ರಷ್ಷು ಹಂದಿ ಕೂದಲಿನದಾದರೆ ಗಡ್ಡದ ಜೊತೆಗೇ ಅದನ್ನೂ ಉಗುರು ಬೆಚ್ಚಗಿನ ನೀರಲ್ಲಿ ನೆನೆಯಲು ಇಡಬೇಕು. ಸಿಂಥೆಟಿಕ್ ಬ್ರಷ್ಷಿಗೆ ಒಮ್ಮೆ ಅದ್ದಿದರೆ ಸಾಕು. ನೀರು ಕೊಡವಿ, ಕ್ರೀಮು ಹಚ್ಚಿ, ಮುಖದ ಮೇಲೇ ಸುತ್ತು ಸುತ್ತಾಗಿ ತಿರುವುತ್ತೇನೆ. ಕ್ಯಾನಿನ ನೀರನ್ನು ಹನಿ ಹನಿಯಾಗಿ ಸೇರಿಸುತ್ತೇನೆ. ಮೊದಲು ದೊಡ್ಡ ದೊಡ್ಡ ಗುಳ್ಳೆ ಬರುತ್ತವೆ, ತಿರುವುತ್ತಾ ಹೋದರೆ ಒಡೆದು ನುಣ್ಣಗಾಗುತ್ತವೆ. ಬ್ರಷ್ಷು ಎತ್ತಿದಾಗ ನೊರೆ ಗಟ್ಟಿ ಮೊಸರಿನ ಹಾಗೆ ನಿಂತರೆ ಆಯಿತು. ಹೀಗೆ ತಿರುವುವಾಗ ಮಲಗಿದ ಕೂದಲೆಲ್ಲ ಎದ್ದು ನಿಲ್ಲುತ್ತವೆ. ಆಮೇಲೂ ಒಂದು ನಿಮಿಷ ಸುಮ್ನೆ ಬಿಡುತ್ತೇನೆ. ಸೆಟ್ಟಿಗೆ ಬ್ಲೇಡು ಹಾಕೋದು ಆಗಲೇ.

ಇನ್ನೊಂದು ಕೆಲಸ ಗಡ್ಡ ಒಣಗಿರುವಾಗಲೇ ಆಗಬೇಕು. ಬೆರಳ ತುದಿಯನ್ನು ಕುತ್ತಿಗೆ ಮೇಲೆ ನಾಲ್ಕೂ ಕಡೆಗೆ ಆಡಿಸಿ, ಕೂದಲು ಯಾವ ಕಡೆ ಮಲಗಿದೆ ಅಂತ ನೋಡಿಕೊಳ್ಳಬೇಕು. ಯಾವ ಕಡೆಗೆ ನುಣುಪೋ ಆ ಕಡೆಗೆ ಮೊದಲ ಸುತ್ತು. ನನಗೆ ಗಲ್ಲದ ಮೇಲೆ ನೇರ ಕೆಳಕ್ಕೆ, ಗಂಟಲ ಗಂಟಿನ ಎಡಕ್ಕೆ ಮಾತ್ರ ಒಂದು ಸುಳಿ, ಅಲ್ಲಿ ಕೂದಲು ಅಡ್ಡಡ್ಡ ಬೆಳೆಯುತ್ತದೆ. ಒಳಕ್ಕೆ ಬೆಳೆದು ಗುಳ್ಳೆ ಏಳುತ್ತಿದ್ದದ್ದೂ ಅಲ್ಲೇ. ಕೀವು ತುಂಬಿದ ಗುಳ್ಳೆ ಇದ್ದರೆ ನಾನು ಬ್ಲೇಡೇ ಮುಟ್ಟಿಸುವುದಿಲ್ಲ.

ಮಾಡಿದ ತಯಾರಿ ಸಾಕಾಯಿತೋ ಇಲ್ಲವೋ ಅಂತ ಹೇಳೋದು ಕೊನೆಗೆ ಪಟಿಕ. ತಣ್ಣೀರಲ್ಲಿ ಮುಖ ತೊಳೆದು ಪಟಿಕದ ಗಟ್ಟಿಯನ್ನು ಒದ್ದೆ ಚರ್ಮದ ಮೇಲೆ ಆಡಿಸಿದಾಗ ಎಲ್ಲಿ ಚುರ್ ಅನ್ನುತ್ತದೋ ಅಲ್ಲಿ ಬ್ಲೇಡು ಚರ್ಮವನ್ನೂ ಕೆರೆದಿದೆ ಅಂತ. ಮುಂದಿನ ಸಲ ಆ ಜಾಗಕ್ಕೆ ಟವೆಲನ್ನು ಇನ್ನಷ್ಟು ಹೊತ್ತು ಒತ್ತಿ ಹಿಡಿಯುತ್ತೇನೆ, ನೊರೆಯನ್ನೂ ಅಲ್ಲಿಂದಲೇ ಶುರು ಮಾಡಿ ಬ್ಲೇಡನ್ನು ಕೊನೆಗೆ ತರುತ್ತೇನೆ. ಆಗ ಅಲ್ಲಿನ ಕೂದಲಿಗೆ ನೆನೆಯಲು ಎಲ್ಲಕ್ಕಿಂತ ಜಾಸ್ತಿ ಹೊತ್ತು ಸಿಗುತ್ತದೆ.