ಒಂದೇ ಜಾರ್ಕ್, ಮೂರು ಹಳೆಯ ಯಂತ್ರಗಳು: ನನ್ನ ಅನುಭವ

ಬಿಬಿಸಿ ಮೈಕ್ರೋ, ಕೊಮೊಡೋರ್ 64 ಮತ್ತು ಸಿಂಕ್ಲೇರ್ ಸ್ಪೆಕ್ಟ್ರಮ್ ಎಂಬ ಮೂರು ಮನೆ ಕಂಪ್ಯೂಟರುಗಳು 1981 ಮತ್ತು 1982ರಲ್ಲಿ ಬೆನ್ನುಬೆನ್ನಿಗೆ ಮಾರುಕಟ್ಟೆಗೆ ಬಂದವು. ಆದರೂ ಒಂದಕ್ಕೆಂದು ಬರೆದ ಆಟ ಇನ್ನೊಂದರಲ್ಲಿ ಓಡುವುದಿಲ್ಲ. ಮೊದಲ ಎರಡರಲ್ಲಿ 6502 ವಂಶದ ಪ್ರೊಸೆಸರ್ ಇದ್ದರೆ ಸ್ಪೆಕ್ಟ್ರಮ್‌ನಲ್ಲಿ ಝಡ್80 ಇದೆ. ಪ್ರೊಸೆಸರ್ ಒಂದೇ ಜಾತಿಯದಾದ ಕಡೆಯಲ್ಲೂ ಪರದೆ, ಮೆಮೊರಿಯ ಹಂಚಿಕೆ, ಫ್ಲಾಪಿಯ ವ್ಯವಸ್ಥೆ ಇವೆಲ್ಲ ಬೇರೆಬೇರೆ. ನಮ್ಮ ದೇಶದ ಶಾಲೆಗಳಿಗೆ 1984ರಲ್ಲಿ ಆರಂಭವಾದ, ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸುವ ಕ್ಲಾಸ್ ಯೋಜನೆಯ ಮೂಲಕ ಬಂದದ್ದು ಬಿಬಿಸಿ ಮೈಕ್ರೋ ಆದ್ದರಿಂದ ನನ್ನ ವಯಸ್ಸಿನ ಹಲವರಿಗೆ ಅದೇ ಕಣ್ಣಾರೆ ಕಂಡ ಮೊದಲ ಕಂಪ್ಯೂಟರ್. ಉಳಿದ ಎರಡನ್ನು ನಾನು ಬಹಳ ವರ್ಷಗಳ ನಂತರ ಹಳೆಯ ಸಾಮಾನಿನ ರೂಪದಲ್ಲಿ ಕೊಂಡೆ. ಈ ಮೂರರಲ್ಲೂ ಒಂದು ಬೈಟನ್ನೂ ಬದಲಾಯಿಸದೆ ಜಾರ್ಕ್ ಎಂಬ ಒಂದೇ ಆಟದ ಕಡತವನ್ನು ಓಡಿಸಬೇಕೆಂಬ ಆಸೆಯಿಂದ ನಾನು ಮಾಡಿದ ಕೆಲಸದ ವಿವರ ಇಲ್ಲಿದೆ.

ಇದರ ಮೂಲ ಉಪಾಯ ನನ್ನದಲ್ಲ. ಎಂಐಟಿಯಲ್ಲಿ 1977ರಿಂದ ಬೆಳೆದ ಜಾರ್ಕ್ ಎಂಬ ಪಠ್ಯರೂಪದ ಸಾಹಸದ ಆಟ ಪಿಡಿಪಿ-10 ಎಂಬ ದೊಡ್ಡ ಯಂತ್ರದಲ್ಲಿ ಓಡುತ್ತಿತ್ತು. ಅದನ್ನು ಮನೆ ಕಂಪ್ಯೂಟರುಗಳಿಗೆ ಇಳಿಸಲು ಇನ್ಫೋಕಾಮ್ ಸಂಸ್ಥೆಯ ಜೋಯೆಲ್ ಬೆರೆಜ್ ಮತ್ತು ಮಾರ್ಕ್ ಬ್ಲ್ಯಾಂಕ್ 1979ರಲ್ಲಿ ಝಡ್-ಮಷೀನ್ ಎಂಬ ಕಾಲ್ಪನಿಕ ಕಂಪ್ಯೂಟರನ್ನು ರೂಪಿಸಿದರು. ಆಟವನ್ನು ಆ ಕಾಲ್ಪನಿಕ ಯಂತ್ರದ ಆದೇಶಗಳಿಗೆ ಒಮ್ಮೆ ಅನುವಾದಿಸಿದರೆ ಸಾಕು. ಬಳಿಕ ಪ್ರತಿಯೊಂದು ನಿಜವಾದ ಯಂತ್ರಕ್ಕೂ ಆ ಆದೇಶಗಳನ್ನು ಓದಿ ನಡೆಸುವ ಇಂಟರ್‌ಪ್ರಿಟರ್ ಎಂಬ ಚಿಕ್ಕ ಪ್ರೋಗ್ರಾಮನ್ನು ಬರೆದರಾಯಿತು. 1980ರಲ್ಲಿ ಜಾರ್ಕ್‌ನ ಮೊದಲ ಭಾಗ ಟಿಆರ್‌ಎಸ್-80 ಯಂತ್ರಕ್ಕೆ, ಬಳಿಕ ಆ್ಯಪಲ್ 2 ಯಂತ್ರಕ್ಕೆ ಬಂದದ್ದು ಈ ದಾರಿಯಲ್ಲೇ. ಝಡ್-ಮಷೀನಿನ ಸಂಪೂರ್ಣ ವಿವರಣೆ ಇಂದು ಮುಕ್ತವಾಗಿ ದೊರೆಯುತ್ತದೆ. ಸಿದ್ಧ ಇಂಟರ್‌ಪ್ರಿಟರುಗಳೂ ಇವೆ. ಆದರೂ ಯಂತ್ರಗಳ ನಡುವಿನ ಗಡಿ ಎಲ್ಲಿ ಬರುತ್ತದೆ ಎಂಬುದನ್ನು ಸ್ವತಃ ಬರೆದೇ ತಿಳಿಯಬೇಕೆಂದು ನಾನು ಮೂರೂ ಇಂಟರ್‌ಪ್ರಿಟರುಗಳನ್ನು, ಪ್ರೊಸೆಸರಿನ ಆದೇಶಗಳನ್ನೇ ನೇರವಾಗಿ ಬರೆಯುವ ಅಸೆಂಬ್ಲಿ ಭಾಷೆಯಲ್ಲಿ ಬರೆದೆ. ಅವುಗಳಲ್ಲಿ 6502ರ ಎರಡಕ್ಕೆ ಆದೇಶಗಳನ್ನು ನಡೆಸುವ ಭಾಗ ಒಂದೇ.

ಆದೇಶಗಳನ್ನು ನಡೆಸುವ ಕೆಲಸ ಹೊರಗಿನಿಂದ ಕಾಣುವಷ್ಟು ಕಷ್ಟದ್ದಲ್ಲ, ಆದರೆ ಶ್ರದ್ಧೆ ಬೇಡುತ್ತದೆ. ಝಡ್-ಮಷೀನ್ 16 ಬಿಟ್‌ಗಳ ಸಂಖ್ಯೆಯ ಹಿರಿಯ ಬೈಟನ್ನು ಮೊದಲು ಇಡುತ್ತದೆ, ನಮ್ಮ ಎರಡೂ ಪ್ರೊಸೆಸರುಗಳು ಕಿರಿಯ ಬೈಟನ್ನು ಮೊದಲು ಇಡುತ್ತವೆ. 6502ಗಾಗಲಿ ಝಡ್80ಗಾಗಲಿ ಗುಣಾಕಾರ, ಭಾಗಾಕಾರದ ಆದೇಶಗಳಿಲ್ಲದ ಕಾರಣ ಅವನ್ನು ನಾವೇ ಬರೆಯಬೇಕು; ಬರೆಯುವಾಗ -11ನ್ನು 2ರಿಂದ ಭಾಗಿಸಿದರೆ -5, -13ನ್ನು 5ರಿಂದ ಭಾಗಿಸಿದರೆ ಶೇಷ -3 ಎಂಬ ನಿಯಮ ಮೂರೂ ಕಡೆ ಒಂದೇ ಆಗಿರಬೇಕು. ಪಠ್ಯವನ್ನು ಬಿಡಿಸುವ ಭಾಗವಂತೂ ನನಗೆ ಬಹಳ ಹಿಡಿಸಿತು. ಒಂದೊಂದು ಅಕ್ಷರಕ್ಕೆ ಐದೇ ಬಿಟ್, ಎರಡು ಬೈಟಿಗೆ ಮೂರು ಅಕ್ಷರ, ಉಳಿಯುವ ಒಂದು ಬಿಟ್ ಪಠ್ಯ ಮುಗಿಯಿತೆಂಬುದರ ಗುರುತು. ಇಂಗ್ಲಿಷಿನ ಲ್ಯಾಂಪ್ ಎಂಬ ಪದವನ್ನು ನೋಡೋಣ. ಅದರ ಅಕ್ಷರಗಳ ಸಂಕೇತಗಳು ಕ್ರಮವಾಗಿ 17, 6, 18, 21. ಮೊದಲ ಮೂರು ಸೇರಿ 17,618 ಎಂಬ ಒಂದೇ ಸಂಖ್ಯೆಯಾಗುತ್ತವೆ. ನಾಲ್ಕನೆಯದು ಖಾಲಿ ಜಾಗ ತುಂಬುವ ಎರಡು 5ಗಳ ಜೊತೆ ಇನ್ನೊಂದು ಸಂಖ್ಯೆಯಾಗಿ, ಅದರ ಮೇಲ್ತುದಿಯ ಬಿಟ್ 1 ಆಗುತ್ತದೆ. ಆಟದ ಪದಕೋಶದಲ್ಲಿ ಯಾವ ಪದಕ್ಕೂ ಇಂಥ ಆರು ಸಂಕೇತಗಳಿಗಿಂತ ಹೆಚ್ಚು ಜಾಗವಿಲ್ಲದ ಕಾರಣ ಉದ್ದನೆಯ ಪದಗಳ ಬಾಲ ಅಲ್ಲಿಗೇ ಕತ್ತರಿಸಿಹೋಗುತ್ತದೆ.

ನನ್ನ ಹೆಚ್ಚಿನ ಸಮಯ ಹೋದದ್ದು ಮೆಮೊರಿಯ ಲೆಕ್ಕಾಚಾರಕ್ಕೆ. ಜಾರ್ಕ್ ಮೊದಲ ಭಾಗದ 88ನೆಯ ಆವೃತ್ತಿಯ ಕಡತ 84,876 ಬೈಟ್‌ಗಳಷ್ಟಿದೆ. ಈ ಮೂರೂ ಯಂತ್ರಗಳಲ್ಲಿ ಅಷ್ಟು ಮೆಮೊರಿಯೇ ಇಲ್ಲ. ಕಡತದ ಮೊದಲ 64 ಬೈಟ್‌ಗಳ ಶಿರೋಭಾಗವನ್ನು ಓದಿದರೆ, ಆಟ ನಡೆಯುವಾಗ ಬದಲಾಗಬಹುದಾದ ಭಾಗ 11,859 ಬೈಟ್‌ಗಳಷ್ಟು ಮಾತ್ರ ಎಂದೂ, ಪದಕೋಶವೂ ಸೇರಿ ಸದಾ ಮೆಮೊರಿಯಲ್ಲಿರಲಿ ಎಂದು ಉದ್ದೇಶಿಸಿರುವ ಭಾಗ 20,023 ಬೈಟ್‌ಗಳೆಂದೂ ತಿಳಿಯುತ್ತದೆ. ಉಳಿದದ್ದನ್ನು 256 ಬೈಟ್‌ಗಳ ಪುಟಗಳಾಗಿ ಬೇಕಾದಾಗ ಡಿಸ್ಕಿನಿಂದ ತರಬಹುದು. ಬಿಬಿಸಿ ಮತ್ತು ಕೊಮೊಡೋರ್ ಎರಡರ ಫ್ಲಾಪಿಯಲ್ಲೂ ಸೆಕ್ಟರಿನ, ಅಂದರೆ ಒಮ್ಮೆಗೆ ಓದುವ ತುಣುಕಿನ, ಗಾತ್ರ 256 ಬೈಟ್ ಆಗಿರುವುದು ಇಲ್ಲಿ ಒದಗಿಬಂದ ಅನುಕೂಲ.

ಬಿಬಿಸಿ ಮೈಕ್ರೋದ ಒಟ್ಟು ಮೆಮೊರಿ 32 ಕಿಲೋಬೈಟ್. ಕೇವಲ ಒಂದು ಕಿಲೋಬೈಟ್ ಸಾಕಾಗುವ ಏಳನೆಯ ಪರದೆ ವಿಧಾನವನ್ನು ಆರಿಸಿಕೊಂಡು, ಡಿಸ್ಕ್ ವ್ಯವಸ್ಥೆಯ ಪಾಲನ್ನೂ ಕಳೆದರೆ ಉಳಿಯುವುದು 25,344 ಬೈಟ್. ಅದರಲ್ಲಿ 20,023 ಹೋದರೆ ಐದು ಸಾವಿರ ಚಿಲ್ಲರೆ ಮಾತ್ರ ಮಿಗುತ್ತದೆ, ಅಷ್ಟರಲ್ಲಿ ನನ್ನ ಇಂಟರ್‌ಪ್ರಿಟರೇ ಹಿಡಿಸುವುದಿಲ್ಲ. ಆದ್ದರಿಂದ ಪದಕೋಶವನ್ನೂ ಪುಟಗಳ ಲೆಕ್ಕಕ್ಕೆ ಸೇರಿಸಿ, ಬದಲಾಗುವ ಭಾಗವನ್ನು ಮಾತ್ರ ಕಾಯಂ ಆಗಿ ಉಳಿಸಿಕೊಂಡೆ. ಪದಕೋಶದಲ್ಲಿ ತಲಾ ಏಳು ಬೈಟ್‌ಗಳ 697 ಪದಗಳಿವೆ, ಅಂದರೆ ಸುಮಾರು ಇಪ್ಪತ್ತು ಪುಟ. ಒಂದು ಪದವನ್ನು ಅರ್ಧರ್ಧ ಭಾಗಿಸುತ್ತ ಹುಡುಕಿದರೆ ಹೆಚ್ಚೆಂದರೆ ಹತ್ತು ಹೋಲಿಕೆಗಳಲ್ಲಿ ಕೆಲಸ ಮುಗಿಯುತ್ತದೆ. ಮೊದಲ ಒಂದೆರಡು ಹೋಲಿಕೆಗಳು ಯಾವಾಗಲೂ ನಡುವಿನ ಅವೇ ಪುಟಗಳ ಮೇಲೆ ಬೀಳುವುದರಿಂದ ಆ ಪುಟಗಳು ಮೆಮೊರಿಯಲ್ಲೇ ನಿಲ್ಲುತ್ತವೆ. ಪದೇಪದೇ ಬೇಕಾಗುವ ಡಬ್ಬಿಗಳನ್ನು ಕೈಗೆಟುಕುವ ಕಪಾಟಿನಲ್ಲಿಟ್ಟು ಉಳಿದವನ್ನು ಅಟ್ಟಕ್ಕೆ ಹಾಕುವ ರೀತಿಯೇ ಇದು: ಹೊಸ ಪುಟಕ್ಕೆ ಜಾಗ ಬೇಕಾದಾಗ ಬಹಳ ಹೊತ್ತಿನಿಂದ ಮುಟ್ಟದ ಪುಟ ಹೊರಗೆ ಹೋಗುತ್ತದೆ. ಬಿಬಿಸಿಯಲ್ಲಿ ಒಟ್ಟು ಇಪ್ಪತ್ತು ಚಿಲ್ಲರೆ ಪುಟಗಳಿಗಷ್ಟೇ ಜಾಗ ಸಿಕ್ಕಿತು, ಆದರೂ ಅದರ ಡಿಸ್ಕ್ ಚುರುಕಾಗಿರುವುದರಿಂದ ಆಟಗಾರನಿಗೆ ತೊಡಕೆನಿಸುವುದಿಲ್ಲ.

ಕೊಮೊಡೋರ್‌ನ ಪರಿಸ್ಥಿತಿ ಇದಕ್ಕೆ ತದ್ವಿರುದ್ಧ. ಅದರ ಬೇಸಿಕ್ ಭಾಷೆಯನ್ನು ಹಿಡಿದಿರುವ ರೋಮ್ (ಓದಲು ಮಾತ್ರ ಬರುವ ಕಾಯಂ ಮೆಮೊರಿ) ಅನ್ನು ಬದಿಗೆ ಸರಿಸಿದರೆ 51,200 ಬೈಟ್‌ಗಳಷ್ಟು ನಿರಂತರ ಜಾಗ ದೊರೆಯುತ್ತದೆ, ಆದರೆ 1541 ಫ್ಲಾಪಿ ಡ್ರೈವ್ ತನ್ನ ಸಹಜ ವೇಗದಲ್ಲಿ ಸೆಕೆಂಡಿಗೆ ಸುಮಾರು 400 ಬೈಟ್‌ಗಳನ್ನಷ್ಟೇ ಕೊಡುತ್ತದೆ. ಒಂದು ಪುಟಕ್ಕೆ ಅರ್ಧ ಸೆಕೆಂಡಿಗೂ ಹೆಚ್ಚು ಹೊತ್ತು ಬೇಕೆಂದಾಯಿತು. ಇಲ್ಲಿ ನಾನು ಪಿಸಿಯಲ್ಲಿ ಆಟವನ್ನು ಆಡಿ, ಯಾವ ಪುಟಗಳು ಹೆಚ್ಚು ಬಳಕೆಯಾಗುತ್ತವೆಂಬುದನ್ನು ದಾಖಲಿಸಿಕೊಂಡು, ಆ ಪುಟಗಳನ್ನೆಲ್ಲ ಆರಂಭದಲ್ಲಿಯೇ ಒಟ್ಟಿಗೆ ತುಂಬಿಸುವ ವ್ಯವಸ್ಥೆ ಮಾಡಿದೆ. ಮೊದಲಿಗೆ ಕಾಯುವುದು ಹೆಚ್ಚಾಯಿತು. ಆದರೆ ಪ್ರತಿ ವಾಕ್ಯದ ನಡುವೆ ಡ್ರೈವ್ ಗುರುಗುಟ್ಟುವುದು ಬಹಳ ಮಟ್ಟಿಗೆ ನಿಂತಿತು. ಆಟದ ನಡುವಿನ ತಡೆಗಿಂತ ಆರಂಭದ ಕಾಯುವಿಕೆಯೇ ಲೇಸೆಂಬುದು ನನ್ನ ದೃಢ ಅಭಿಪ್ರಾಯ. ಸ್ಪೆಕ್ಟ್ರಮ್‌ನ ಮೂಲ ಮಾಧ್ಯಮವಾದ ಕ್ಯಾಸೆಟ್ಟಿನಿಂದ ಬೇಕಾದ ಪುಟವನ್ನು ಆರಿಸಿ ತರಲಾಗುವುದಿಲ್ಲವಾದ್ದರಿಂದ ಅದಕ್ಕೆ ಎಸ್‌ಡಿ ಕಾರ್ಡಿನ ಡಿವ್‌ಎಂಎಂಸಿ ಘಟಕವನ್ನು ಜೋಡಿಸಿದೆ.

ಸ್ಪೆಕ್ಟ್ರಮ್‌ನ ನಿಜವಾದ ಸವಾಲು ಪರದೆಯದು. ಬಿಬಿಸಿ ಮತ್ತು ಕೊಮೊಡೋರ್‌ಗಳಲ್ಲಿ ಅಕ್ಷರದ ಸಂಕೇತವನ್ನು ಮೆಮೊರಿಗೆ ಬರೆದರೆ ಅಕ್ಷರ ತಾನಾಗಿ ಮೂಡುತ್ತದೆ, ಸಾಲಿಗೆ 40 ಅಕ್ಷರ ಹಿಡಿಸುತ್ತದೆ. ಸ್ಪೆಕ್ಟ್ರಮ್‌ನಲ್ಲಿರುವುದು 256 ಅಡ್ಡ, 192 ಉದ್ದದ ಚುಕ್ಕಿಗಳ ಚಿತ್ರ ಮಾತ್ರ. ಎಂಟು ಚುಕ್ಕಿ ಅಗಲದ ಅದರ ಸಹಜ ಅಕ್ಷರಗಳಲ್ಲಿ ಸಾಲಿಗೆ 32 ಅಕ್ಷರಗಳಾಗಿ, ಜಾರ್ಕ್‌ನ ವರ್ಣನೆಗಳು ಇಕ್ಕಟ್ಟಿನಲ್ಲಿ ಸಿಕ್ಕಿದಂತೆ ಕಾಣುತ್ತವೆ. ಆರು ಚುಕ್ಕಿ ಅಗಲದ ಅಕ್ಷರಗಳನ್ನು ನಾನೇ ಬಿಡಿಸಿಕೊಂಡು 42 ಅಕ್ಷರಗಳ ಸಾಲು ಮಾಡಿದೆ. ಆಗ ಅಕ್ಷರಗಳು ಬೈಟಿನ ಗಡಿಯನ್ನು ದಾಟುತ್ತವೆ. ನಾಲ್ಕು ಅಕ್ಷರಗಳಿಗೆ ಸರಿಯಾಗಿ ಮೂರು ಬೈಟ್ ಆಗುವುದರಿಂದ ನಾಲ್ಕು ಬಗೆಯ ಸರಿಸುವಿಕೆಯನ್ನು ಪ್ರತ್ಯೇಕವಾಗಿ ಬರೆದರೆ ಸಾಕಾಗುತ್ತದೆ.

ಇದನ್ನು ಕನ್ನಡದಲ್ಲಿ ಆಡಬಹುದೇ ಎಂದು ಗೆಳೆಯರು ಕೇಳುತ್ತಾರೆ. ಝಡ್-ಮಷೀನಿನ ಐದನೆಯ ಆವೃತ್ತಿಯಲ್ಲಿ 97 ಹೆಚ್ಚುವರಿ ಅಕ್ಷರಗಳಿಗೆ ಅವಕಾಶವಿದೆ, ಕನ್ನಡದ ವರ್ಣಗಳೂ ಗುಣಿತದ ಚಿಹ್ನೆಗಳೂ ಅದರೊಳಗೆ ಹಿಡಿಸುತ್ತವೆ. ಆದರೆ ಹಾಗೆ ಸೇರಿಸಿದ ಒಂದೊಂದು ಅಕ್ಷರವೂ ನಾಲ್ಕು ಸಂಕೇತಗಳನ್ನು ನುಂಗುತ್ತದೆ, ಒಂಬತ್ತೇ ಸಂಕೇತಗಳ ಅಲ್ಲಿನ ಪದಕೋಶದಲ್ಲಿ ಎರಡಕ್ಕೆ ಮುಗಿಯಿತು. ಅಕ್ಷರಮಾಲೆಯ ಕೋಷ್ಟಕವನ್ನೇ ಬದಲಿಸಿ, ಹೆಚ್ಚು ಬಳಕೆಯ 26 ಚಿಹ್ನೆಗಳನ್ನು ಒಂದೊಂದೇ ಸಂಕೇತದ ಮೊದಲ ಸಾಲಿಗೆ ತರುವುದೇ ಸರಿಯಾದ ದಾರಿ. ಆಗ ‘ದೀಪವನ್ನು’ ಎಂಬ ಪದ ಎಂಟು ಚಿಹ್ನೆಗಳಲ್ಲಿ ಪೂರ್ತಿಯಾಗಿ ಹಿಡಿಸುತ್ತದೆ. ವಿಭಕ್ತಿ ಪ್ರತ್ಯಯವನ್ನು ಬಿಡಿಸಿ ನೋಡುವ ಕೆಲಸ ಆಟದೊಳಗಿನ ವಾಕ್ಯ ವಿಶ್ಲೇಷಕದ್ದು, ಇಂಟರ್‌ಪ್ರಿಟರಿನದಲ್ಲ. ಒತ್ತಕ್ಷರಗಳನ್ನು ತೋರಿಸುವ ವಿಷಯದಲ್ಲಿ ಬಿಬಿಸಿಯ ಏಳನೆಯ ವಿಧಾನ ನಿರುಪಯೋಗಿ, ಏಕೆಂದರೆ ಅದರ ಅಕ್ಷರರೂಪಗಳು ಚಿಪ್ಪಿನೊಳಗೇ ಅಚ್ಚಾಗಿವೆ. ಚುಕ್ಕಿಚುಕ್ಕಿಯಾಗಿ ಬಿಡಿಸಬಹುದಾದ ಸ್ಪೆಕ್ಟ್ರಮ್‌ನಲ್ಲಿ 16 ಚುಕ್ಕಿ ಎತ್ತರದ 12 ಸಾಲುಗಳಲ್ಲಿ ಕನ್ನಡ ಓದುವಂತೆ ಮೂಡಬಲ್ಲದು. ನನ್ನ ಇಂಟರ್‌ಪ್ರಿಟರುಗಳು ಮೂರನೆಯ ಆವೃತ್ತಿಯವು. ಈ ಕೆಲಸಕ್ಕೆ ಐದನೆಯದನ್ನು ಬರೆಯಲೇಬೇಕು, ಬರೆಯುವ ಮನಸ್ಸೂ ಇದೆ.

ಮೂರೂ ಒಂದೇ ರೀತಿ ನಡೆಯುತ್ತವೆಂದು ಖಚಿತಪಡಿಸಿಕೊಳ್ಳಲು ಹಳೆಯ ಯಂತ್ರಗಳನ್ನು ಪಿಸಿಯಲ್ಲಿ ಅನುಕರಿಸುವ ಎಮ್ಯುಲೇಟರುಗಳನ್ನು ಬಳಸಿದೆ: ಕೊಮೊಡೋರ್‌ಗೆ ವೈಸ್, ಸ್ಪೆಕ್ಟ್ರಮ್‌ಗೆ ಫ್ಯೂಸ್, ಬಿಬಿಸಿಗೆ ಬಿ-ಎಮ್. ಜಾರ್ಕ್‌ನ ಕಾಳಗಗಳಲ್ಲಿ ಯಾದೃಚ್ಛಿಕ ಸಂಖ್ಯೆಗಳ ಪಾತ್ರವಿದೆ, ಹಾಗಾಗಿ ಪರೀಕ್ಷೆಯ ಮಟ್ಟಿಗೆ ಎಲ್ಲದರಲ್ಲೂ ಒಂದೇ ಸೂತ್ರದ, ಒಂದೇ ಆರಂಭದ ಸಂಖ್ಯಾಸರಣಿಯನ್ನು ಇಟ್ಟೆ. ಪಿಸಿಯ ಫ್ರಾಟ್ಸ್ ಇಂಟರ್‌ಪ್ರಿಟರಿನಲ್ಲೂ ಅದೇ ಸರಣಿಯನ್ನು ಕೂರಿಸಿ, ಎಲ್ಲಕ್ಕೂ ಒಂದೇ ಆಜ್ಞೆಗಳ ಪಟ್ಟಿಯನ್ನು ಉಣಿಸಿ, ಬಂದ ಪಠ್ಯವನ್ನು ಸಾಲುಗಳ ಮುರಿತ ತೆಗೆದು ಹೋಲಿಸಿದೆ. ವ್ಯತ್ಯಾಸ ಕಂಡ ಕಡೆ ನಡೆದ ಆದೇಶಗಳ ವಿಳಾಸಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ದಾರಿ ಬೇರೆಯಾದ ಜಾಗ ತಕ್ಷಣ ಕಣ್ಣಿಗೆ ಬೀಳುತ್ತದೆ. ಇಂಥ ಕೆಲಸಕ್ಕೆ ಕೈಹಾಕುವವರು ಈ ಹೋಲಿಕೆಯ ಏರ್ಪಾಡನ್ನು ಇಂಟರ್‌ಪ್ರಿಟರಿಗಿಂತ ಮೊದಲೇ ಕಟ್ಟಿಕೊಳ್ಳಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಕೊನೆಯದಾಗಿ, ನಡುವೆ ನಿಲ್ಲಿಸಿದ ಆಟವನ್ನು ಉಳಿಸುವ ವ್ಯವಸ್ಥೆ. ಪ್ರತಿ ಯಂತ್ರಕ್ಕೂ ಬೇರೆ ಬಗೆಯಲ್ಲಿ ಉಳಿಸುವುದು ಸುಲಭವಾಗಿತ್ತು, ಆದರೆ ನಾನು ಕ್ವೆಟ್ಸಾಲ್ ಎಂಬ ಸಾಮಾನ್ಯ ಸ್ವರೂಪವನ್ನು ಆರಿಸಿದೆ. ಬದಲಾಗುವ 11,859 ಬೈಟ್‌ಗಳನ್ನು ಮೂಲ ಕಡತದ ಅವೇ ಬೈಟ್‌ಗಳೊಂದಿಗೆ ಎಕ್ಸ್‌ಆರ್ ಮಾಡಿದರೆ, ಅಂದರೆ ಬಿಟ್‌ಗೆ ಬಿಟ್ ಹೋಲಿಸಿ ಒಂದೇ ಆಗಿದ್ದಲ್ಲಿ 0, ಬೇರೆಯಾದಲ್ಲಿ 1 ಬರೆದರೆ, ಬದಲಾಗದ ಕಡೆಯೆಲ್ಲ ಸೊನ್ನೆ ಉಳಿಯುತ್ತದೆ, ಸೊನ್ನೆಗಳ ಸಾಲನ್ನು ಎಣಿಕೆಯಾಗಿ ಬರೆದರೆ ಕಡತ ಬಹಳ ಚಿಕ್ಕದಾಗುತ್ತದೆ. ನಡುವಿನ ಲೆಕ್ಕಗಳನ್ನೂ ಮರಳಬೇಕಾದ ವಿಳಾಸಗಳನ್ನೂ ಇಡುವ ಸ್ಟ್ಯಾಕನ್ನು ಯಾವ ಪ್ರೊಸೆಸರಿಗೂ ಅಂಟದ ರೂಪದಲ್ಲಿ ಬರೆಯಬೇಕು. ಝಡ್-ಮಷೀನಿನ ಮೂರನೆಯ ಆವೃತ್ತಿಯಲ್ಲಿ ಉಳಿಸಿದ ವಿಳಾಸ, ಉಳಿಸುವ ಆದೇಶದ ಕವಲಿನ ಬೈಟನ್ನು, ಅಂದರೆ ಮುಂದೆ ಯಾವ ದಾರಿ ಹಿಡಿಯಬೇಕೆಂದು ಹೇಳುವ ಬೈಟನ್ನು, ತೋರಿಸುತ್ತಿರಬೇಕು. ಇವೆರಡು ಸರಿಯಾದ ಮೇಲೆ, ಬಿಬಿಸಿಯಲ್ಲಿ ಬಿಳಿಮನೆಯ ಕೆಳಗಿನ ನೆಲಮಾಳಿಗೆಗೆ ಇಳಿದು ಉಳಿಸಿದ ಆಟವನ್ನು ಪಿಸಿಯ ಮೂಲಕ ಎಸ್‌ಡಿ ಕಾರ್ಡಿಗೆ ದಾಟಿಸಿ ಸ್ಪೆಕ್ಟ್ರಮ್‌ನಲ್ಲಿ ತೆರೆದೆ. ಹಿಡಿದಿದ್ದ ದೀಪ, ಕತ್ತಿ, ಗಳಿಸಿದ ಅಂಕ ಎಲ್ಲವೂ ಹಾಗೆಯೇ ಇದ್ದವು. ಕೊಮೊಡೋರ್‌ಗೆ ಅದೇ ಕಡತವನ್ನು ಡಿಸ್ಕಿನ ಪ್ರತಿರೂಪದೊಳಗೆ ಸೇರಿಸಿ ಕೊಟ್ಟಾಗಲೂ ಆಟ ಅದೇ ಜಾಗದಿಂದ ಮುಂದುವರಿಯಿತು.