ಮುಲುಂಡಿನ ಬಾಲ್ಕನಿಯಲ್ಲಿ ಅಯಸ್ಕಾಂತ, ಮೆಂತ್ಯ, ಪಾಲಕ್

ಕಡಲೆ ಬೀಜವನ್ನು ಬಿತ್ತುವ ಮೊದಲು 50ರಿಂದ 150 ಮಿಲಿಟೆಸ್ಲಾ (ಟೆಸ್ಲಾ ಎಂದರೆ ಕಾಂತಕ್ಷೇತ್ರದ ಬಲದ ಮಾನ) ಕಾಂತಕ್ಷೇತ್ರದಲ್ಲಿ ಒಂದೆರಡು ಗಂಟೆ ಇಟ್ಟರೆ ಮೊಳಕೆ ಚುರುಕಾಗುತ್ತದೆ ಎಂದು ಓದಿದ್ದೆ. ಭೂಮಿಯದ್ದು 25ರಿಂದ 65 ಮೈಕ್ರೊಟೆಸ್ಲಾ ಮಾತ್ರ, ಅಂದರೆ ಇದಕ್ಕಿಂತ ಸಾವಿರಾರು ಪಟ್ಟು ಕಡಿಮೆ. ಕೈಯಾರೆ ನೋಡಬೇಕೆನಿಸಿತು. ಮುಂಬಯಿಯ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಲ್ಯಾಮಿಂಗ್ಟನ್ ರಸ್ತೆಗೆ ಹೋಗಿ ಹಳೆಯ ಸ್ಪೀಕರುಗಳ ಉಂಗುರ ಅಯಸ್ಕಾಂತಗಳನ್ನೂ ಕಾಂತಕ್ಷೇತ್ರ ಅಳೆಯುವ ಒಂದು ಹಾಲ್ ಸೆನ್ಸರನ್ನೂ ತಂದೆ. ಅಯಸ್ಕಾಂತದ ಮೈಮೇಲೆ ಸುಮಾರು 60 ಮಿಲಿಟೆಸ್ಲಾ ಇದ್ದದ್ದು ಬೆರಳಗಲ ಮೇಲೆತ್ತಿದರೆ ಮೂರನೇ ಒಂದು ಪಾಲಿಗೆ ಇಳಿಯುತ್ತಿತ್ತು. ಹಾಗಾಗಿ ಬೀಜಗಳನ್ನು ತೆಳು ಕಾಗದದ ಮೇಲೆ ಒಂದೇ ಪದರವಾಗಿ ಹರಡಲೇಬೇಕು.

ಆರಿಸಿದ್ದು ಮೆಂತ್ಯ. ಮರಳಿನಲ್ಲಿ ಬೆಳೆದ ಅದರ ಪುಟ್ಟ ಕಟ್ಟುಗಳು ಇಲ್ಲಿನ ಮಾರುಕಟ್ಟೆಯಲ್ಲಿ ದಿನವೂ ಕಾಣುತ್ತವೆ, ಮೊಳಕೆಯೂ ಬೇಗ.

ಮೊದಲ ಸಲ, ಅಡಿಯಲ್ಲಿ ಅಯಸ್ಕಾಂತವಿದ್ದ ಬಟ್ಟಲಿನ ಮೊಳಕೆ ಅಯಸ್ಕಾಂತವಿಲ್ಲದ ಬಟ್ಟಲಿಗಿಂತ ಅರ್ಧ ದಿನ ಮುಂದೆ ಓಡಿತು. ಸಂತೋಷದಲ್ಲಿ ಮನೆಮಂದಿಗೆಲ್ಲ ತೋರಿಸಿದೆ. ಮಗಳು ಮಾತ್ರ, “ಅಪ್ಪ, ಅದು ಅಡುಗೆಮನೆಯ ಗೋಡೆಗೆ ತಾಗಿದೆಯಲ್ಲ?” ಎಂದಳು. ಬಟ್ಟಲುಗಳ ಜಾಗ ಅದಲುಬದಲು ಮಾಡಿದೆ. ಈ ಬಾರಿ ಗೆದ್ದದ್ದು ಗೋಡೆಯ ಬಿಸುಪು.

ಆಮೇಲೆ ನಿಯಮ ಬಿಗಿಗೊಳಿಸಿದೆ. ಅಯಸ್ಕಾಂತವಿಲ್ಲದ ಬಟ್ಟಲಿನಡಿ ಅಷ್ಟೇ ದಪ್ಪದ ಕಡಪ ಕಲ್ಲು. ಯಾವುದರಡಿ ಏನಿದೆ ಎಂಬ ಚೀಟಿ ಮಗಳ ಬಳಿ. ದಿನವೂ ಜಾಗ ಬದಲು. ಫೋನಿನ ಕಾಂತಮಾಪಕ ಹಿಡಿದು ಓಡಾಡಿದರೆ ಕಿಟಕಿಯ ಕಬ್ಬಿಣದ ಗ್ರಿಲ್ಲಿನ ಹತ್ತಿರ ಅಂಕಿ ಕುಣಿಯುತ್ತಿತ್ತು. ಎಲ್ಲವನ್ನೂ ಮನೆಯೊಳಗಿನ ಹಜಾರದ ನಡುವಿಗೆ ತಂದೆ. ಕೊಲಾಬಾದ ಭೂಕಾಂತ ವೀಕ್ಷಣಾಲಯವನ್ನು 1904ರಲ್ಲಿ ಅಲಿಬಾಗಿಗೆ ಒಯ್ದದ್ದೂ ಮುಂಬಯಿಗೆ ಬರಲಿದ್ದ ವಿದ್ಯುತ್ ಟ್ರಾಮು ಅಳತೆ ಕೆಡಿಸೀತೆಂದೇ. ಈ ಊರಿನಲ್ಲಿ ಕಾಂತಕ್ಷೇತ್ರ ಅಳೆಯಲು ಹೊರಟವರಿಗೆಲ್ಲ ಇದು ಹಳೆಯ ತಾಪತ್ರಯ.

ಈ ಬಿಗಿಯಲ್ಲಿ ಮೂರು ಸುತ್ತು ನಡೆಸಿದೆ. ಎರಡರಲ್ಲಿ ಅಯಸ್ಕಾಂತದ ಬೀಜ ತುಸು ಮುಂದೆ, ಒಂದರಲ್ಲಿ ಸಮ. ಆರನೇ ದಿನಕ್ಕೆ ಗಿಡಗಳ ಎತ್ತರ ಎಲ್ಲದರಲ್ಲೂ ಒಂದೇ. ಇಷ್ಟರಿಂದ ನಾನು ಏನನ್ನೂ ಸಾಧಿಸಿದೆ ಎನ್ನಲಾರೆ.

ಅಯಸ್ಕಾಂತ ದ್ಯುತಿಸಂಶ್ಲೇಷಣೆಯನ್ನೂ ಬದಲಿಸುತ್ತದೆಯೇ ಎಂದು ನೋಡಲು ಬೇರೆ ದಾರಿ ಹಿಡಿದೆ. ಪಾಲಕ್ ಎಲೆಯಲ್ಲಿ ಕಾಗದದ ಪಂಚಿನಿಂದ ಬಿಲ್ಲೆ ಕತ್ತರಿಸಿ, ಅಡುಗೆ ಸೋಡಾ ಕಲಸಿದ ನೀರಿಗೆ ಹನಿ ಪಾತ್ರೆ ಸೋಪು ಬೆರೆಸಿ, ಎರಡನ್ನೂ ಸೂಜಿಯಿಲ್ಲದ ಸಿರಿಂಜಿಗೆ ತುಂಬಿ, ಅದರ ಬಾಯಿಗೆ ಬೆರಳೊತ್ತಿ ದಂಡವನ್ನು ಹಿಂದಕ್ಕೆಳೆಯಬೇಕು. ಎಲೆಯೊಳಗಿನ ಗಾಳಿ ಹೊರಟು ಬಿಲ್ಲೆಗಳು ಮುಳುಗುತ್ತವೆ. ಬೆಳಕಿಗಿಟ್ಟರೆ ಆಮ್ಲಜನಕ ಹುಟ್ಟಿ ಒಂದೊಂದಾಗಿ ತೇಲಿ ಬರುತ್ತವೆ. ಅರ್ಧ ತೇಲಲು ಎಷ್ಟು ನಿಮಿಷ ಎಂಬುದೇ ಅಳತೆ. ಸೋಡಾ ಕೊಡುವುದು ಇಂಗಾಲವನ್ನು. ಬಲ್ಬು ಎಲ್‌ಇಡಿಯೇ ಇರಲಿ, ಹಳೆಯ ಬಲ್ಬಿನ ಶಾಖ ಲೆಕ್ಕ ಕೆಡಿಸುತ್ತದೆ. ಲೋಟದಡಿ ಅಯಸ್ಕಾಂತವಿದ್ದರೂ ಕಲ್ಲಿದ್ದರೂ ಸಮಯ ಬದಲಾಗಲಿಲ್ಲ. ಒಂದೇ ಕಟ್ಟಿನ ಎಳೆ ಎಲೆಗೂ ಬಲಿತ ಎಲೆಗೂ ಅದಕ್ಕಿಂತ ಹೆಚ್ಚು ಅಂತರವಿತ್ತು.

ಕ್ಲೋರೊಫಿಲ್ಲಿನ ನಡುವೆ ಇರುವುದು ಮೆಗ್ನೀಸಿಯಮ್, ಕಬ್ಬಿಣವಲ್ಲ. ಅಯಸ್ಕಾಂತ ಅದನ್ನು ಸೆಳೆಯುವುದಿಲ್ಲ. ಗಿಡದಲ್ಲಿ ಕಾಂತಕ್ಷೇತ್ರಕ್ಕೆ ಸ್ಪಂದಿಸುವುದು ಕ್ರಿಪ್ಟೊಕ್ರೋಮ್ ಇರಬಹುದೆಂದು ವಿಜ್ಞಾನಿಗಳು ಹೆಚ್ಚಾಗಿ ಊಹಿಸುತ್ತಾರೆ. ನೀಲಿ ಬೆಳಕು ಹೀರುವ ಈ ಪ್ರೋಟೀನಿನಲ್ಲಿ ಹುಟ್ಟುವ ಜೋಡಿ ಎಲೆಕ್ಟ್ರಾನುಗಳ ಸ್ಪಿನ್ನನ್ನು, ಅಂದರೆ ಅವನ್ನು ಪುಟ್ಟ ಅಯಸ್ಕಾಂತಗಳಂತೆ ಮಾಡುವ ಗುಣವನ್ನು, ಕಾಂತಕ್ಷೇತ್ರ ಬದಲಿಸಬಲ್ಲದು. ಅದಕ್ಕೇ ಈಗ ನೀಲಿ ಎಲ್‌ಇಡಿ ಪಟ್ಟಿಯ ಕೆಳಗೆ ಎಂಟು ಬಟ್ಟಲು ಮೆಂತ್ಯ ಇಟ್ಟಿದ್ದೇನೆ. ಚೀಟಿ ಮಗಳ ಬಳಿಯೇ ಇದೆ, ಭಾನುವಾರ ಅಳತೆ ಬರೆದಾದ ಮೇಲೆ ತೆರೆಯುತ್ತೇವೆ.